ಡಲ್ಲಾಸಿಗೆ ಹೊರಟ ಊರಿನವರಿಗೆ: ಮೊದಲು ನೀರು ಕೇಳ್ಲಿಕ್ಕೆ ಕಲೀರಿ

ಅಮೆರಿಕದ ಡಲ್ಲಾಸಿಂದ ರಜೆಯಲ್ಲಿ ಉಡುಪಿಗೆ ಬಂದಿದ್ದೇನೆ, ಪಕ್ಕದ ಮನೆ ಹುಡುಗ ಮುಂದಿನ ತಿಂಗಳು ಡಲ್ಲಾಸಿಗೆ ಹೋಗ್ತಾನಂತೆ, ಚಳಿಗೆ ಎಂತ ತಗೊಂಡು ಹೋಗ್ಬೇಕು ಅಂತ ಕೇಳ್ಲಿಕ್ಕೆ ಬಂದಿದ್ದ. ಜಾಕೆಟ್ ಅಲ್ಲೇ ಸಿಗ್ತದೆ ಮಾರಾಯ, ನೀನು ಮೊದಲು ಹೋಟೆಲಲ್ಲಿ ನೀರು ಕೇಳುದು ಕಲಿ ಅಂದೆ. ಅವ ನಗಾಡಿದ.

ತಮಾಷೆ ಅಲ್ಲ. ನಮ್ಮ "ನೀರು ಕೊಡಿ"ಯ ಕೊನೆಯ "ಇ"ಯಲ್ಲೇ ಬೇಕಾದಷ್ಟು ಮರ್ಯಾದೆ ಉಂಟು, ಅದನ್ನೇ "ಗಿವ್ ಮಿ ವಾಟರ್" ಮಾಡಿದ್ರೆ ಅವರಿಗೆ "ಏಯ್, ನೀರು ತಾ" ಅಂದ ಹಾಗೆ ಕೇಳ್ತದೆ. "ಕ್ಯಾನ್ ಐ ಗೆಟ್ ಸಮ್ ವಾಟರ್ ಪ್ಲೀಸ್" ಅನ್ನಿ, ತಂದಿಟ್ಟ ಮೇಲೆ ಥ್ಯಾಂಕ್ಯೂ, ಪ್ರತಿ ಸಲ. ಇಲ್ಲಿ ಸಪ್ಲೈಯರಿಗೆ ಥ್ಯಾಂಕ್ಸ್ ಅಂದ್ರೆ ಇವನಿಗೆ ಎಂತಾಯ್ತು ಅಂತ ನೋಡ್ತಾರೆ, "ಎಂತ ಅಣ್ಣ, ಇವತ್ತು ಭಾರೀ ರಶ್ಶಾ" ಅಂತ ಕೇಳುದೇ ಇಲ್ಲಿಯ ಥ್ಯಾಂಕ್ಸು. ಅಲ್ಲಿ ಚಿಟಿಕೆ ಹೊಡೆದು, ಬೊಬ್ಬೆ ಹಾಕಿ ಕರೀಬೇಡಿ, ಅವರು ಈಚೆ ನೋಡಿದಾಗ ಕೈ ಸ್ವಲ್ಪ ಎತ್ತಿದ್ರೆ ಬರ್ತಾರೆ.

ಇನ್ನು ಟಿಪ್ಸು. ಟೆಕ್ಸಾಸಲ್ಲಿ ಟಿಪ್ಸ್ ಸಿಗುವ ಕೆಲಸದವರಿಗೆ ಓನರು ಗಂಟೆಗೆ 2.13 ಡಾಲರ್ ಕೊಟ್ರೂ ನಡೀತದೆ, 1991ರಿಂದ ರೇಟು ಅದೇ, ಟಿಪ್ಸ್ ಸೇರಿಯೂ ಗಂಟೆಗೆ ಕನಿಷ್ಠ ಕೂಲಿ 7.25 ಡಾಲರ್ ಆಗದಿದ್ರೆ ಮಾತ್ರ ಕಡಿಮೆಯಾದದ್ದು ಓನರು ತುಂಬ್ಬೇಕು. ಅಂದ್ರೆ ಅದು ಖುಷಿಗೆ ಕೊಡುದಲ್ಲ, ಅವರ ಸಂಬಳವೇ ಅದು. ನಂಗೆ ಇದು ಗೊತ್ತಿರ್ಲಿಲ್ಲ. ಮೊದಲನೇ ವಾರ ನಾಲ್ಕು ಜನ ಹೋಗಿ 80 ಡಾಲರ್ ಬಿಲ್ಲಾಯ್ತು, ಊರಲ್ಲಿ ಸೋಂಪಿನ ತಟ್ಟೆಯಲ್ಲಿ ಹತ್ತು ರೂಪಾಯಿ ಬಿಡುವ ಹಾಗೆ 2 ಡಾಲರ್ ಬಿಟ್ಟೆ. ಬಡಿಸಿದ ಹುಡುಗಿ ಬಂದು ಊಟದಲ್ಲಿ ಏನಾದ್ರೂ ತೊಂದರೆ ಆಯ್ತಾ ಅಂತ ಕೇಳಿದ್ಲು. ಇಲ್ಲಪ್ಪ, ಲಾಯ್ಕಿತ್ತು ಅಂತ ಹಲ್ಲು ಕಿಸಿದೆ. ಅವಳು ಊಟದ ವಿಷಯ ಕೇಳಿದ್ದಲ್ಲ ಅಂತ ಕಾರಲ್ಲಿ ಕೂತ ಮೇಲೆ ಫ್ರೆಂಡ್ ಹೇಳಿದ.

ಕಾರ್ಡ್ ಉಜ್ಜಿ ಎರಡು ಚೀಟಿ, ಒಂದು ಪೆನ್ನು ತಂದಿಡ್ತಾರೆ, ಟಿಪ್ ಅಂತ ಇರುವ ಗೆರೆಯಲ್ಲಿ ಬರೆದು, ಕೂಡಿಸಿ, ಸೈನ್ ಹಾಕಿ ಅವರ ಕಾಪಿ ಬಿಟ್ಟು ಬನ್ನಿ. ಲೆಕ್ಕ ಸುಲಭ, ಡಲ್ಲಾಸಲ್ಲಿ ಟ್ಯಾಕ್ಸು 8.25 ಪರ್ಸೆಂಟು, 80 ಡಾಲರ್ ಬಿಲ್ಲಾದ್ರೆ ಆ ಟ್ಯಾಕ್ಸಿನ ಡಬಲ್ ಮಾಡಿ ಮೇಲೊಂದು ಡಾಲರ್ ಹಾಕಿದ್ರೆ ಟಿಪ್ಸು ಬಿಲ್ಲಿನ 18 ಪರ್ಸೆಂಟಿನ ಹತ್ತಿರ ಬರ್ತದೆ. ಆರೇಳು ಜನ ಹೋದ್ರೆ ಕೆಲವು ಕಡೆ ಬಿಲ್ಲಲ್ಲೇ ಟಿಪ್ಸನ್ನು ಗ್ರಾಚ್ಯುಟಿ ಅಂತ ಸೇರಿಸಿರ್ತಾರೆ (ಅಪ್ಪ ರಿಟೈರ್ ಆದಾಗ ಬಂದದ್ದಲ್ಲ ಇದು), ನೋಡಿಕೊಳ್ಳಿ. ಕಾಫಿ ಕೌಂಟರಲ್ಲಿ ಸ್ಕ್ರೀನ್ ತಿರುಗಿಸಿ 20, 25 ತೋರಿಸಿದ್ರೆ "ನೋ ಟಿಪ್" ಒತ್ತಬಹುದು, ನಾನೂ ಒತ್ತುದೇ.

ಅಂಗಡಿಯಲ್ಲಿ ಕ್ಯಾಶಿಯರ್ ಹೌ ಆರ್ ಯು ಅಂದ್ರೆ ಗುಡ್, ಹೌ ಆರ್ ಯು, ಅಷ್ಟೇ, ಮಂಡೆಬೆಚ್ಚ ಎಲ್ಲ ಹೇಳ್ಲಿಕ್ಕಿಲ್ಲ. ಆದ್ರೆ ಕಿವಿಯಲ್ಲಿ ಫೋನ್ ಇಟ್ಕೊಂಡು ಅಮ್ಮನ ಹತ್ರ ಮಾತಾಡ್ತಾ ಕಾರ್ಡ್ ಚಾಚುವವರನ್ನು ಕಂಡ್ರೆ ನಂಗೇ ಸಿಟ್ಟು ಬರ್ತದೆ.

ಆಗಸ್ಟಲ್ಲಿ ಅಲ್ಲಿ ಬಿಸಿಲು 100 ಫ್ಯಾರನ್‌ಹೀಟ್ (ಸುಮಾರು 38 ಸೆಲ್ಸಿಯಸ್) ದಾಟ್ತದೆ, ಪಾರ್ಸೆಲ್ ತರುವವರಿಗೆ ಅಂತ ನಾವು ಬಾಗಿಲ ಹತ್ರ ಐಸ್ ಹಾಕಿ ನೀರಿನ ಬಾಟ್ಲಿ ಇಡ್ತೇವೆ. ಅಮ್ಮನಿಗೆ ವಿಡಿಯೋ ಕಾಲಲ್ಲಿ ತೋರಿಸಿದೆ. ಬರೀ ನೀರಾ, ಒಂದು ತುಂಡು ಬೆಲ್ಲ ಇಡ್ಲಿಕ್ಕೆ ಆಗುದಿಲ್ವಾ ಅಂತ ಬೈದ್ರು.