ತಾಯಿ ಮೊಲ ಹಾಲು ಕುಡಿಸುತ್ತಿದೆಯಾ? ಮರಿಯ ಹೊಟ್ಟೆ ನೋಡಿ ಹೇಳಿ

ಮೊಲ ಸಾಕಲು ಶುರು ಮಾಡಿದವರು ಮೊದಲ ಸೂಲಿನಲ್ಲಿ ಗಾಬರಿಯಿಂದ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ‘ತಾಯಿ ಮರಿಗಳ ಹತ್ತಿರ ಹೋಗ್ತಾನೇ ಇಲ್ಲ, ಹಾಲು ಕುಡಿಸ್ತಾನೇ ಇಲ್ಲ.’ ಆಮೇಲೆ ತಾಯಿಯನ್ನು ಹಿಡಿದು ಮರಿಗಳಿರುವ ಪೆಟ್ಟಿಗೆಯೊಳಗೆ ತುರುಕುತ್ತಾರೆ, ಮರಿಗಳ ಬಾಯಿಗೆ ಎಮ್ಮೆ ಹಾಲು ಬಿಡುತ್ತಾರೆ, ಚೆನ್ನಾಗಿದ್ದ ಮರಿಗಳೂ ಈ ಉಪಚಾರದಿಂದಲೇ ಸಾಯುತ್ತವೆ. ಜಮಖಂಡಿ, ಮುಧೋಳ, ಅಥಣಿ, ಇಂಡಿ ಕಡೆ ಮನೆ ಹಿತ್ತಲಲ್ಲಿ ನಾಲ್ಕಾರು ಮೊಲ ಇಟ್ಟುಕೊಂಡವರಿಗೆ ಉಪಯೋಗವಾಗಲಿ ಅಂತ ಮರಿ ಹಾಕುವ ದಿನದಿಂದ ಹಾಲು ಬಿಡಿಸುವವರೆಗಿನದ್ದನ್ನು ಇಲ್ಲಿ ಬರೆದಿದ್ದೇನೆ.

ನಾವು ಎಮ್ಮೆ, ಆಡು, ಬೆಕ್ಕು ನೋಡಿ ಬೆಳೆದವರು. ಬೆಕ್ಕು ಮರಿಗಳನ್ನು ಅಪ್ಪಿಕೊಂಡೇ ಮಲಗುತ್ತದೆ. ಮೊಲ ಹಾಗೆ ಮಾಡುವುದಿಲ್ಲ. ದಿನಕ್ಕೆ ಸಾಮಾನ್ಯವಾಗಿ ಒಂದೇ ಸಲ, ಕೆಲವೊಮ್ಮೆ ಎರಡು ಸಲ, ಅದೂ ರಾತ್ರಿ ಅಥವಾ ಬೆಳಗಿನ ಜಾವ ಪೆಟ್ಟಿಗೆಗೆ ಹೋಗಿ ಮರಿಗಳ ಮೇಲೆ ನಿಲ್ಲುತ್ತದೆ. ಮೂರರಿಂದ ಐದು ನಿಮಿಷ, ಅಷ್ಟೇ. ಹಾಲು ಕುಡಿಸಿ ಹೊರಗೆ ಜಿಗಿದರೆ ಮತ್ತೆ ಮರುದಿನವೇ. ನೀವು ಹಗಲೆಲ್ಲ ಪಂಜರದ ಮುಂದೆ ಕೂತರೂ ಏನೂ ಕಾಣುವುದಿಲ್ಲ.

ಇದು ಮರಿಗಳ ಮೇಲೆ ಪ್ರೀತಿ ಇಲ್ಲದ್ದಕ್ಕೆ ಅಲ್ಲ. ನಾವು ಸಾಕುವ ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲಾ, ಗ್ರೇ ಜೈಂಟ್ ಎಲ್ಲದರ ಮೂಲ ಸ್ಪೇನ್, ಪೋರ್ಚುಗಲ್ ಕಡೆಯ ಬಿಲದ ಮೊಲ. ಅಲ್ಲಿ ತಾಯಿ ಬೇರೆ ಬಿಲ ತೋಡಿ, ಮರಿ ಹಾಕಿ, ಬಾಯಿಗೆ ಮಣ್ಣು ಮುಚ್ಚಿ ಹೋಗುತ್ತದೆ. ಪದೇ ಪದೇ ಬಂದು ಹೋದರೆ ವಾಸನೆ ಹಿಡಿದು ನರಿಯಂಥ ಪ್ರಾಣಿ ಬಂದುಬಿಡುತ್ತದೆ. ದೂರ ಇರುವುದೇ ಅದರ ಕಾವಲು. ನಮ್ಮ ತಂತಿ ಪಂಜರದಲ್ಲೂ ಅದೇ ಅಭ್ಯಾಸ.

ದಿನಕ್ಕೊಂದೇ ಸಲ ಹೇಗೆ ಸಾಕಾಗುತ್ತದೆ? ಮೊಲದ ಹಾಲು ತುಂಬಾ ಗಟ್ಟಿ. ಕೊಬ್ಬಿನಂಶ 12ರಿಂದ 15 ಪರ್ಸೆಂಟ್, ಪ್ರೋಟೀನ್ ಕೂಡ 12ರ ಆಸುಪಾಸು. ಎಮ್ಮೆ ಹಾಲಿನ ಕೊಬ್ಬೇ ಏಳರ ಹತ್ತಿರ ಇರುತ್ತದೆ ಅಂದಮೇಲೆ ಲೆಕ್ಕ ಹಾಕಿ. ಸಕ್ಕರೆ ಅಂಶ ಮಾತ್ರ ತೀರಾ ಕಡಿಮೆ, ಹಸು ಎಮ್ಮೆ ಹಾಲಿನಲ್ಲಿ ಅದು ಜಾಸ್ತಿ. ಬೇರೆ ಹಾಲು ಕೊಟ್ಟರೆ ಮರಿ ಭೇದಿ ಮಾಡಿಕೊಳ್ಳಲು ಇದೂ ಒಂದು ಕಾರಣ.

ಪೆಟ್ಟಿಗೆ ಮೊದಲೇ ರೆಡಿ ಇರಲಿ

ಗಬ್ಬದ ಅವಧಿ ಸುಮಾರು 31 ದಿನ. ಗಂಡಿನ ಹತ್ತಿರ ಬಿಟ್ಟ ದಿನವನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ. 27 ಅಥವಾ 28ನೇ ದಿನ ಪೆಟ್ಟಿಗೆ ಇಡಿ. ಒಂದೂವರೆ ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ ಸಾಕು, ಮುಂದಿನ ಕಡೆ ಅರ್ಧ ಅಡಿಗೆ ತಗ್ಗಿಸಿ. ಒಳಗೆ ಒಣಗಿದ ಮೆತ್ತನೆ ಹುಲ್ಲು ಹಾಕಿ. ಕಣಕಿ ಚೂರು ಬೇಡ, ಚುಚ್ಚುತ್ತದೆ. ಹತ್ತಿಯೂ ಬೇಡ, ಎಳೆ ಮರಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಮರಿ ಹಾಕುವ ಹೊತ್ತಿಗೆ ತಾಯಿ ತನ್ನ ಹೊಟ್ಟೆಯ ತುಪ್ಪಳ ಕಿತ್ತು ಹಾಸುತ್ತದೆ, ಅದರಿಂದ ಮರಿಗಳಿಗೆ ಬೆಚ್ಚಗಾಗುವುದಲ್ಲದೆ ಮೊಲೆ ತೊಟ್ಟುಗಳೂ ತೆರೆದುಕೊಳ್ಳುತ್ತವೆ. ಪಂಜರದ ಕಾಲಿನ ಕೆಳಗೆ ನೀರು ತುಂಬಿದ ಬಟ್ಟಲು ಇಡಿ. ಇರುವೆ ಹತ್ತಿದರೆ ಒಂದೇ ರಾತ್ರಿಗೆ ಮರಿಗಳನ್ನು ಮುಗಿಸುತ್ತವೆ. ಹೆಗ್ಗಣ, ಬೆಕ್ಕು, ಹಾವಿನ ಕಾಟ ಇರುವ ಕಡೆ ಸಣ್ಣ ಕಣ್ಣಿನ ಜಾಲರಿ ಬೇಕೇ ಬೇಕು.

ಗಂಡು ಮೊಲ ಅದೇ ಪಂಜರದಲ್ಲಿ ಇರಬಾರದು. ಮರಿ ಹಾಕಿದ ದಿನವೇ ಹೆಣ್ಣು ಮತ್ತೆ ಗಬ್ಬ ನಿಲ್ಲಬಹುದು. ಹಾಲು ಕುಡಿಸುತ್ತಾ ಹೊಟ್ಟೆಯಲ್ಲೂ ಮರಿ ಹೊತ್ತರೆ ತಾಯಿ ಸೊರಗುತ್ತದೆ, ಹಾಲೂ ಬೇಗ ಇಳಿಯುತ್ತದೆ.

ದಿನಕ್ಕೊಮ್ಮೆ ಮರಿ ನೋಡುವುದು

ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಅನ್ನುವುದು ಸುಳ್ಳು. ನಿಮ್ಮ ಕೈಗೆ ಪಳಗಿದ ತಾಯಿಯಾದರೆ ದಿನಕ್ಕೊಮ್ಮೆ ನೋಡಲೇಬೇಕು. ಅದರ ಮುಂದೆ ಸ್ವಲ್ಪ ಸೊಪ್ಪು ಇಡಿ, ಪೆಟ್ಟಿಗೆಯ ಹುಲ್ಲಿಗೆ ಕೈ ಉಜ್ಜಿ, ತುಪ್ಪಳ ಸರಿಸಿ ನೋಡಿ. ಮರಿಗಳ ಎಣಿಕೆ ಸರಿ ಇದೆಯಾ, ಸತ್ತದ್ದು ಇದೆಯಾ, ಹೊಟ್ಟೆ ಹೇಗಿದೆ. ಹಾಲು ಕುಡಿದ ಮರಿಯ ಹೊಟ್ಟೆ ಗುಂಡಗೆ ಬಿಗಿಯಾಗಿರುತ್ತದೆ, ಮೊದಲ ದಿನಗಳಲ್ಲಿ ತೆಳು ಚರ್ಮದೊಳಗೆ ಬೆಳ್ಳಗೆ ಹಾಲು ಕಾಣಿಸುತ್ತದೆ. ಮೈ ಬೆಚ್ಚಗೆ, ಚರ್ಮ ನುಣ್ಣಗೆ, ಎಲ್ಲ ಒಂದರ ಮೇಲೊಂದು ಸುಮ್ನೆ ಮಲಗಿರುತ್ತವೆ. ಹಸಿದ ಮರಿಯ ಚರ್ಮ ಸುಕ್ಕು, ಹೊಟ್ಟೆ ಒಳಗೆ ಹೋಗಿರುತ್ತದೆ, ಕೈ ತಾಕಿದರೆ ಸಾಕು ಮೂತಿ ಎತ್ತಿ ಚೀರುತ್ತಾ ಮೇಲೆ ಹಾರುತ್ತದೆ. ನೋಡುವುದಕ್ಕೆ ಬೆಳಗ್ಗೆ ಸೂರ್ಯ ಹುಟ್ಟಿದ ಮೇಲೆ ಒಳ್ಳೆಯ ಹೊತ್ತು, ರಾತ್ರಿಯ ಹಾಲು ಆಗ ಹೊಟ್ಟೆಯಲ್ಲಿ ಇರುತ್ತದೆ. ಸಂಜೆ ನೋಡಿದರೆ ಚೆನ್ನಾಗಿರುವ ಮರಿಯ ಹೊಟ್ಟೆಯೂ ಇಳಿದೇ ಇರುತ್ತದೆ, ಅಲ್ವಾ?

ಕೆಲವರಿಗೆ ಇನ್ನೊಂದು ಗಾಬರಿ ಇದೆ. ಬೆಳಗಿನ ಜಾವ ನೋಡಿದರೆ ಮರಿಗಳೆಲ್ಲ ತುಪ್ಪಳದ ಮೇಲೆ ಬರಿಮೈಯಲ್ಲಿ ಬಿದ್ದಿರುತ್ತವೆ. ತಾಯಿ ಕೆದರಿ ಹಾಕಿತು ಅಂದುಕೊಳ್ಳುತ್ತಾರೆ. ಹಾಲಿನ ಹೊತ್ತು ಹತ್ತಿರ ಬಂದಾಗ ಮರಿಗಳೇ ಎದ್ದು ಮೇಲೆ ಬಂದು ಕಾಯುತ್ತವೆ. ಕಣ್ಣು ಇನ್ನೂ ಬಿಟ್ಟಿಲ್ಲದಿದ್ದರೂ ತಾಯಿಯ ಮೊಲೆಯಿಂದ ಬರುವ ವಾಸನೆ ಹಿಡಿದು ಕೆಲವೇ ಸೆಕೆಂಡಿನಲ್ಲಿ ತೊಟ್ಟು ಹುಡುಕುತ್ತವೆ. ಹಂದಿಮರಿಗಳ ಹಾಗೆ ಇದೇ ತೊಟ್ಟು ನನ್ನದು ಅಂತ ಇರುವುದಿಲ್ಲ, ಕುಡಿಯುತ್ತಲೇ ಒಂದು ಬಿಟ್ಟು ಇನ್ನೊಂದಕ್ಕೆ ಹೋಗುತ್ತವೆ. ಕುಡಿದಾದ ಮೇಲೆ ಉಚ್ಚೆ ಹೊಯ್ದು ಮತ್ತೆ ತುಪ್ಪಳದೊಳಗೆ ಹೂತುಕೊಳ್ಳುತ್ತವೆ. ಆ ಹೊತ್ತಿಗೆ ಬ್ಯಾಟರಿ ಹಿಡಿದು ಹೋಗಿ ತಾಯಿಯನ್ನು ಹೆದರಿಸಬೇಡಿ.

ನಿಜವಾದ ಅಪಾಯ ಬೇರೆ ಇದೆ. ತೊಟ್ಟು ಬಿಡದ ಮರಿ ತಾಯಿ ಜಿಗಿದಾಗ ಜೊತೆಗೇ ಹೊರಗೆ ಬೀಳುತ್ತದೆ. ಬೆಕ್ಕಿನ ಹಾಗೆ ಕಚ್ಚಿಕೊಂಡು ಒಳಗೆ ತರುವುದು ಮೊಲಕ್ಕೆ ಗೊತ್ತಿಲ್ಲ. ತಂತಿ ಮೇಲೆ ಬಿದ್ದ ಬೆತ್ತಲೆ ಮರಿ ಬೇಗ ತಣ್ಣಗಾಗುತ್ತದೆ, ಬೆಳಗಾವಿಯ ಚಳಿಗಾಲದ ರಾತ್ರಿಯಲ್ಲಂತೂ ಇನ್ನೂ ಬೇಗ. ಪೆಟ್ಟಿಗೆಯ ಮುಂಭಾಗ ಅರ್ಧ ಅಡಿ ಎತ್ತರ ಇರಲಿ ಅಂದದ್ದು ಇದಕ್ಕೇ, ಅಲ್ಲೇ ಮರಿ ಉದುರಿ ಒಳಗೆ ಬೀಳಬೇಕು. ತಣ್ಣಗೆ, ಅಲ್ಲಾಡದೆ ಬಿದ್ದ ಮರಿ ಸಿಕ್ಕರೆ ಸತ್ತಿದೆ ಅಂತ ಎಸೆಯಬೇಡಿ. ಅಂಗೈಯಲ್ಲಿ ಮುಚ್ಚಿ ಮೈಗೆ ಒತ್ತಿ ಹಿಡಿಯಿರಿ, ಇಲ್ಲವೇ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಎಷ್ಟೋ ಮರಿಗಳು ಹೀಗೆ ಬದುಕುತ್ತವೆ. ಮೈ ಬೆಚ್ಚಗಾಗುವ ತನಕ ಬಾಯಿಗೆ ಏನೂ ಹಾಕಬಾರದು.

ಸತತ ಎರಡು ದಿನ ಬೆಳಗ್ಗೆ ಎಲ್ಲ ಮರಿಗಳ ಹೊಟ್ಟೆಯೂ ಖಾಲಿ ಇದ್ದರೆ ಆಗ ತಾಯಿಯನ್ನು ನೋಡಿ. ನೀರು ಕುಡಿದಿದೆಯಾ, ಮೇವು ತಿಂದಿದೆಯಾ? ಮೊಲೆ ಬಿಸಿಯಾಗಿ, ಗಟ್ಟಿಯಾಗಿ, ಕೆಂಪಗೆ ಅಥವಾ ನೀಲಿ ಬಣ್ಣಕ್ಕೆ ತಿರುಗಿದ್ದರೆ ಅದು ಮೊಲೆ ಬಾವು. ಕೂಡಲೇ ಪಶು ಆಸ್ಪತ್ರೆಗೆ ಒಯ್ಯಿರಿ. ಮೆಡಿಕಲ್ ಅಂಗಡಿಯಿಂದ ಅಮಾಕ್ಸಿಸಿಲಿನ್ ತಂದು ಬಾಯಿಗೆ ಹಾಕಬೇಡಿ, ಪೆನಿಸಿಲಿನ್ ಜಾತಿಯ ಔಷಧಿ ಬಾಯಿಂದ ಹೋದರೆ ಮೊಲದ ಕರುಳು ಕೆಟ್ಟು ಸತ್ತೇ ಹೋಗಬಹುದು. ಆ ಮರಿಗಳನ್ನು ಇನ್ನೊಂದು ತಾಯಿಗೆ ಬಿಟ್ಟರೆ ರೋಗ ಅದಕ್ಕೂ ದಾಟುತ್ತದೆ. ಮೊಲೆ ಚೆನ್ನಾಗಿದ್ದು ತಾಯಿ ಸುಮ್ನೆ ಹೆದರಿದ್ದರೆ ಪೆಟ್ಟಿಗೆಯನ್ನು ಬೇರೆ ಕಡೆ ಎತ್ತಿಡಿ, ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ತಾಯಿಯನ್ನು ಮೆಲ್ಲಗೆ ಅದರೊಳಗೆ ಬಿಡಿ, ಬೆನ್ನು ಸವರುತ್ತಾ ನಿಂತುಕೊಳ್ಳಿ. ಎರಡು ಮೂರು ದಿನದಲ್ಲಿ ಬಹಳಷ್ಟು ತಾಯಂದಿರು ಒಗ್ಗಿಕೊಳ್ಳುತ್ತವೆ.

ಹಾಲಿಲ್ಲದ ಮರಿಗಳಿಗೆ ಎಲ್ಲಕ್ಕಿಂತ ಒಳ್ಳೆಯ ದಾರಿ ಇನ್ನೊಂದು ತಾಯಿ. ಅದಕ್ಕೇ ಎರಡು ಹೆಣ್ಣುಗಳನ್ನು ಒಂದೇ ದಿನ ಗಂಡಿಗೆ ಬಿಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಒಂದಕ್ಕೆ ಹತ್ತು, ಇನ್ನೊಂದಕ್ಕೆ ನಾಲ್ಕು ಮರಿ ಬಂದರೆ ಸರಿದೂಗಿಸಬಹುದು. ಮೊಲೆ ತೊಟ್ಟು ಸಾಮಾನ್ಯವಾಗಿ ಎಂಟರಿಂದ ಹತ್ತು ಇರುತ್ತವೆ, ಅದಕ್ಕಿಂತ ಜಾಸ್ತಿ ಮರಿ ಬಿಟ್ಟರೆ ಸಣ್ಣವು ಸೋಲುತ್ತವೆ. ಮರಿಗಳ ವಯಸ್ಸಿನಲ್ಲಿ ಎರಡು ಮೂರು ದಿನಕ್ಕಿಂತ ಜಾಸ್ತಿ ಅಂತರ ಬೇಡ. ಹೊಸ ಮರಿಗಳನ್ನು ಆ ತಾಯಿಯ ತುಪ್ಪಳದಲ್ಲಿ ಹೊರಳಿಸಿ ನಡುವೆ ಇಡಿ. ಬೇರೆ ತಾಯಿ ಇಲ್ಲವೇ ಇಲ್ಲ ಅಂದರೆ ಮಾತ್ರ ಆಡಿನ ಗಟ್ಟಿ ಹಾಲು, ಉಗುರುಬೆಚ್ಚಗೆ, ಮರಿಯನ್ನು ಬೋರಲಾಗಿ ಹಿಡಿದು ಹನಿ ಹನಿಯಾಗಿ. ಅಂಗಾತ ಮಲಗಿಸಿ ಕುಡಿಸಿದರೆ ಶ್ವಾಸಕೋಶಕ್ಕೆ ಹೋಗುತ್ತದೆ.

ಬಾಣಂತಿಯ ಮೇವು, ನೀರು, ಮತ್ತು ನಮ್ಮ ಬಿಸಿಲು

ಹಾಲು ಮೂರನೇ ವಾರದ ತನಕ ಏರುತ್ತದೆ. ಆಗ ತಾಯಿ ದಿನಕ್ಕೆ ಒಂದು ಲೀಟರ್ ಮೀರಿ ನೀರು ಕುಡಿಯಬಹುದು. ನೀರು ಒಂದು ಹೊತ್ತು ಖಾಲಿಯಾದರೂ ಹಾಲು ಇಳಿಯುತ್ತದೆ. ಕುದುರೆ ಮಸಾಲೆ ಸೊಪ್ಪು, ಕರಕಿ, ಗೋವಿನಜೋಳದ ಹಸಿಮೇವು, ಒಣ ಹುಲ್ಲು ಹೊಟ್ಟೆ ತುಂಬ ಕೊಡಿ, ಜೊತೆಗೆ ಮೊಲದ ಪೆಲೆಟ್, ಅಂದರೆ ಅಂಗಡಿಯ ಗುಳಿಗೆಯಂಥ ಸಿದ್ಧ ಮೇವು. ಎಳೆ ಜೋಳದ ಮೇವು ದನಕ್ಕೆ ವಿಷವಾಗುವುದು ನಮ್ಮ ರೈತರಿಗೆ ಗೊತ್ತೇ ಇದೆ, ಮೊಲಕ್ಕೂ ಬೇಡ. ಬೂಸ್ಟು ಹಿಡಿದ ಶೇಂಗಾ ಹಿಂಡಿ ಹತ್ತಿರವೂ ತರಬೇಡಿ. ಕೋಳಿ ಫೀಡ್ ಅಗ್ಗ ಅಂತ ಹಾಕುವವರಿದ್ದಾರೆ. ಅದರಲ್ಲಿ ಬೆರೆಸುವ ಕೆಲವು ಔಷಧಿ ಮೊಲಕ್ಕೆ ವಿಷ.

ವಿಜಯಪುರ, ಬಾಗಲಕೋಟೆಯ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಮೊಲಕ್ಕೆ 30 ದಾಟಿದರೇ ಕಷ್ಟ. ಸಾಧ್ಯವಾದರೆ ಫೆಬ್ರವರಿ ಮುಗಿಯುವುದರೊಳಗೆ ಮರಿ ಹಾಕುವಂತೆ ನೋಡಿಕೊಳ್ಳಿ. ಬೇಸಿಗೆಯಲ್ಲೇ ಮರಿ ಹಾಕಿದರೆ ಪತ್ರಾಸಿನ ಮೇಲೆ ಕಬ್ಬಿನ ರವದಿ ಹೊದಿಸಿ, ಪಕ್ಕಕ್ಕೆ ಒದ್ದೆ ಗೋಣಿ ತಟ್ಟು ಕಟ್ಟಿ. ಮರಿಗಳು ಒಂದಕ್ಕೊಂದು ಅಂಟದೆ ದೂರ ದೂರ ಬಿದ್ದು ಕೆಂಪಗಾಗಿ ಏದುಸಿರು ಬಿಡುತ್ತಿದ್ದರೆ ಸೆಕೆ ಆಗಿದೆ ಅಂತ ಅರ್ಥ. ಸ್ವಲ್ಪ ತುಪ್ಪಳ ತೆಗೆದು ಕವರಿನಲ್ಲಿ ಇಟ್ಟುಕೊಳ್ಳಿ, ರಾತ್ರಿ ತಂಪಾದರೆ ವಾಪಸ್ ಹಾಕಲು ಬೇಕಾಗುತ್ತದೆ.

ಇಲ್ಲೇ ಇನ್ನೊಂದು ಮಾತು. ಕಬ್ಬು ಕಡಿಯುವಾಗ ಹೊಲದಲ್ಲಿ ಸಿಗುವ ಕಾಡುಮೊಲದ ಮರಿಗಳನ್ನು ಸಾಕಲು ಮನೆಗೆ ತರಬೇಡಿ. ಅದು ಬೇರೆಯೇ ಪ್ರಾಣಿ, ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣು ಬಿಟ್ಟಿರುತ್ತದೆ. ಅದರ ತಾಯಿಯೂ ದೂರ ಇರುತ್ತದೆ, ಬಿಟ್ಟು ಹೋಗಿರುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹಿಡಿಯುವುದು ಅಪರಾಧ ಕೂಡ. ಪಕ್ಕದ ಬದುವಿನ ನೆರಳಿಗೆ ಸರಿಸಿ ಬಂದುಬಿಡಿ.

ಹಾಲು ಬಿಡಿಸುವುದು

ಒಂದು ವಾರಕ್ಕೆ ಮೈಮೇಲೆ ಸಣ್ಣ ಕೂದಲು, ಹತ್ತರಿಂದ ಹನ್ನೆರಡು ದಿನಕ್ಕೆ ಕಣ್ಣು. ಹನ್ನೆರಡು ದಿನ ದಾಟಿದರೂ ರೆಪ್ಪೆ ಅಂಟಿಕೊಂಡಿದ್ದರೆ ಕಾಯಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ಮೆಲ್ಲಗೆ ಒರೆಸಿ. ಮೂರನೇ ವಾರದಲ್ಲಿ ಮರಿಗಳು ಹೊರಗೆ ಬಂದು ತಾಯಿಯ ಮೇವಿಗೆ ಬಾಯಿ ಹಾಕುತ್ತವೆ. ತಾಯಿಯ ಹಿಕ್ಕೆಯನ್ನೂ ಕಡಿಯುತ್ತವೆ, ಬೈದು ತೆಗೆಯಬೇಡಿ. ಮೇವು ಅರಗಿಸುವ ಒಳ್ಳೆಯ ಸೂಕ್ಷ್ಮಜೀವಿಗಳು ಮರಿಯ ಕರುಳಿಗೆ ಸೇರುವುದು ಹೀಗೆ. ಈ ಹೊತ್ತಿಗೆ ಒಣ ಹುಲ್ಲು ಅವುಗಳ ಬಾಯಿಗೆ ಸಿಗುವಂತಿರಲಿ, ನೀರಿನ ನಿಪ್ಪಲ್ ಅವುಗಳ ಎತ್ತರಕ್ಕೆ ಇಳಿಸಿ. 21 ದಿನದ ಸುಮಾರಿಗೆ ಪೆಟ್ಟಿಗೆ ತೆಗೆಯಬಹುದು.

ನಾಲ್ಕನೇ ವಾರದಿಂದ ತಾಯಿ ಮರಿಗಳಿಂದ ತಪ್ಪಿಸಿಕೊಂಡು ಓಡುತ್ತದೆ. ಗುರ್ ಅನ್ನುತ್ತದೆ, ಹೊಟ್ಟೆ ನೆಲಕ್ಕೆ ಒತ್ತಿ ಕೂರುತ್ತದೆ. ಹಾಲು ಇಳಿಯುತ್ತಿದೆ, ಮರಿಗಳ ಹಲ್ಲು ಚೂಪಾಗಿವೆ, ಅದಕ್ಕೂ ಸಾಕಾಗಿದೆ. ಒಂದು ಹಲಗೆ ಎತ್ತರಕ್ಕೆ ಕೂರಿಸಿದರೆ ಅದು ಹತ್ತಿ ಕುಳಿತು ಸ್ವಲ್ಪ ವಿಶ್ರಾಂತಿ ಪಡೆಯುತ್ತದೆ. ಇದನ್ನು ನೋಡಿ ಅವತ್ತೇ ಮರಿಗಳನ್ನು ಬೇರೆ ಮಾಡಬೇಡಿ.

ದೊಡ್ಡ ಫಾರ್ಮಿನವರು 28 ದಿನಕ್ಕೇ ಬೇರೆ ಮಾಡುತ್ತಾರೆ. ಮನೆ ಮಟ್ಟಿಗೆ ಸಾಕುವವರು ಐದರಿಂದ ಆರು ವಾರ ಕಾಯುವುದು ಒಳ್ಳೆಯದು ಅಂತ ನನ್ನ ಗಟ್ಟಿ ಅಭಿಪ್ರಾಯ. ಸಂತೆಯಲ್ಲಿ ಅಂಗೈಯಗಲದ ಮರಿಗಳನ್ನು ಬುಟ್ಟಿಯಲ್ಲಿ ತುಂಬಿ ಮಾರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಹಾಲು ಇನ್ನೂ ಬಿಟ್ಟಿರುವುದಿಲ್ಲ, ಮಕ್ಕಳು ಆಸೆಪಟ್ಟು ಮನೆಗೆ ಒಯ್ದರೆ ವಾರದೊಳಗೆ ಭೇದಿಯಾಗಿ ಸಾಯುತ್ತವೆ. ಕೊಳ್ಳುವವರು ಮರಿಯ ಮುಂದೆ ಒಣ ಹುಲ್ಲು ಹಿಡಿದು ನೋಡಿ. ತಾನಾಗಿ ತಿನ್ನದಿದ್ದರೆ ಬೇಡ ಅನ್ನಿ.

ಬೇರೆ ಮಾಡುವಾಗ ತಾಯಿಯನ್ನು ಎತ್ತಿ ಬೇರೆ ಪಂಜರಕ್ಕೆ ಹಾಕಿ, ಮರಿಗಳು ಇದ್ದಲ್ಲೇ ಇರಲಿ. ಜಾಗ, ಮೇವು, ನೀರು, ಜೊತೆಗಾರರು ಯಾವುದೂ ಬದಲಾಗಬಾರದು, ಒಂದೇ ಸಲಕ್ಕೆ ಎರಡು ಬದಲಾವಣೆ ಎಳೆ ಕರುಳು ತಡೆಯುವುದಿಲ್ಲ. ಸಣ್ಣ ಸೊರಗಿದ ಮರಿ ಇದ್ದರೆ ಅದನ್ನು ತಾಯಿ ಜೊತೆ ಇನ್ನೊಂದೈದು ದಿನ ಬಿಡಿ, ಅದಕ್ಕೂ ಹಾಲು ಸಿಗುತ್ತದೆ, ತಾಯಿಯ ಮೊಲೆಯೂ ಒಮ್ಮೆಲೇ ಬಿಗಿಯುವುದಿಲ್ಲ. ಎರಡು ದಿನ ಮೊದಲೇ ತಾಯಿಯ ಪೆಲೆಟ್ ಅರ್ಧಕ್ಕೆ ಇಳಿಸಿ, ಹುಲ್ಲು ಮತ್ತು ನೀರು ಎಂದಿನಂತೆ. ಆಮೇಲೆ ಒಂದು ವಾರ ದಿನಾ ಮೊಲೆ ಮುಟ್ಟಿ ನೋಡಿ.

ಮರಿಗಳಿಗೆ ಮುಂದಿನ ಮೂರು ವಾರ ನಾಜೂಕು. ರಕ್ತಭೇದಿ, ಕಾಕ್ಸಿಡಿಯೋಸಿಸ್ ಅನ್ನುವ ಕರುಳಿನ ರೋಗ ಬರುವುದು ಈಗಲೇ. ಹಿಕ್ಕೆ ಕೆಳಗೆ ಬೀಳುವಂತಿರಲಿ, ನೆಲ ಒದ್ದೆ ಇರಬಾರದು, ಬೆಳಗಾವಿ, ಖಾನಾಪುರದ ಮಳೆಗಾಲದಲ್ಲಿ ಇದಕ್ಕೆ ಜಾಸ್ತಿ ಗಮನ ಬೇಕು. ಇಬ್ಬನಿ ಬಿದ್ದ ಸೊಪ್ಪನ್ನು ಬಾಡಿಸಿ ಕೊಡಿ, ಹೊಸ ಸೊಪ್ಪು ಒಂದೆರಡು ಎಲೆಯಿಂದ ಶುರು ಮಾಡಿ. ಹಿಕ್ಕೆ ಮೆತ್ತಗಾದರೆ ಸೊಪ್ಪು, ಪೆಲೆಟ್ ನಿಲ್ಲಿಸಿ ಒಣ ಹುಲ್ಲು, ನೀರು ಮಾತ್ರ ಇಡಿ. ಮಂಕಾಗಿ ಕೂತರೆ, ಹೊಟ್ಟೆ ಉಬ್ಬಿದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ, ನಾಳೆಗೆ ಬಿಡಬೇಡಿ. ಎತ್ತುವಾಗ ಕಿವಿ ಹಿಡಿಯದೆ ಭುಜದ ಮೇಲಿನ ಸಡಿಲ ಚರ್ಮ ಹಿಡಿದು, ಇನ್ನೊಂದು ಕೈ ಕುಂಡೆಯ ಕೆಳಗೆ ಕೊಡಿ.

ಮೂರು ತಿಂಗಳಾಗುವ ಹೊತ್ತಿಗೆ ಗಂಡು ಹೆಣ್ಣು ಬೇರೆ ಬೇರೆ ಪಂಜರಕ್ಕೆ ಹಾಕಿ. ತಾಯಿಯ ಬೆನ್ನೆಲುಬು ಕೈಗೆ ಚುಚ್ಚುತ್ತಿದ್ದರೆ, ಕಿತ್ತ ತುಪ್ಪಳ ಇನ್ನೂ ಬೆಳೆದಿಲ್ಲದಿದ್ದರೆ, ಮತ್ತೆ ಗಂಡಿನ ಹತ್ತಿರ ಬಿಡಲು ಇನ್ನಷ್ಟು ದಿನ ಹೋಗಲಿ.