ಕೊನೆಯ ಪುಟದಲ್ಲಿ ಒಂದು ಸಾಲು: ಮನೆಯ ಪುಸ್ತಕದ ಕಪಾಟು ಜೋಡಿಸುವ ಬಗೆ

ಅಪ್ಪ ಧಾರವಾಡದಲ್ಲಿ ಶಾಲೆ ಮಾಸ್ತರರಾಗಿದ್ದರು. ಅವರು ತೀರಿಕೊಂಡ ಮೇಲೆ ಅವರ ಪುಸ್ತಕಗಳು ನನ್ನ ಪಾಲಿಗೆ ಬಂದವು. ಹನ್ನೊಂದು ರಟ್ಟಿನ ಡಬ್ಬ. ಮೇ ತಿಂಗಳಲ್ಲಿ ಸಾಗರದ ನಮ್ಮ ಮನೆಗೆ ತರಿಸಿದೆ. ಮಳೆ ಹತ್ತಿರ ಬಂತಲ್ಲ ಅಂತ ಒಂದೊಂದನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಸಿದೆ. ದಸರಾ ಹೊತ್ತಿಗೆ ಇಳಿಸಿ ಬಿಚ್ಚಿದರೆ ಅರ್ಧಕ್ಕರ್ಧ ಪುಸ್ತಕಕ್ಕೆ ಬೂಷ್ಟು. ಕಾಗದದಲ್ಲಿದ್ದ ತೇವ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಆ ದಿನ ಅಳು ತಡೆಯಲಾಗಲಿಲ್ಲ.

ಅವನ್ನು ಫ್ಯಾನಿನ ಕೆಳಗೆ ಬಿಡಿಸಿ ನಿಲ್ಲಿಸುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಕೊನೆಯ ಪುಟಗಳಲ್ಲಿ ಅಪ್ಪನ ಪೆನ್ಸಿಲ್ ಅಕ್ಷರ. ಒಂದರಲ್ಲಿ, ‘ಸುಭಾಸ ರಸ್ತೆ. ರೂ. 3-50. ಬಸ್ಸು ತಪ್ಪಿದ್ದಕ್ಕೆ ಸಿಕ್ಕಿತು.’ ಇನ್ನೊಂದರಲ್ಲಿ, ‘ಎರಡನೇ ಸಲ. ಮೊದಲ ಸಲ ತಿಳಿದಿರಲಿಲ್ಲ.’ ಮತ್ತೊಂದರಲ್ಲಿ ಬರೀ ಅಮ್ಮನ ಹೆಸರು. ಅಪ್ಪನ ಕಪಾಟು ಅಪ್ಪನ ಹಾಗೇ ಇದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು. ನಾನೂ ಹಾಗೇ ಮಾಡಿದೆ. ನೀವೂ ಮಾಡಬಹುದು.

ಒಂದು ಭಾನುವಾರ ಎಲ್ಲಾ ಪುಸ್ತಕ ಕೆಳಗಿಳಿಸಿ. ಒಂದು ಪೆನ್ಸಿಲ್ ಇಟ್ಟುಕೊಳ್ಳಿ, ಪೆನ್ನು ಬೇಡ. ಒಂದೊಂದನ್ನೇ ಕೈಗೆತ್ತಿಕೊಂಡು ಇದು ನಮ್ಮ ಮನೆಯಲ್ಲಿ ಯಾಕೆ ಇದೆ ಅಂತ ಕೊನೆಯ ಪುಟದಲ್ಲಿ ಒಂದು ಸಾಲು ಬರೆಯಿರಿ. ‘ಒಳ್ಳೆಯ ಪುಸ್ತಕ’ ಅಂತ ಬರೆದರೆ ಲೆಕ್ಕಕ್ಕಿಲ್ಲ. ಅದನ್ನು ಯಾರು ಬೇಕಾದರೂ ಬರೆಯಬಹುದು, ಅಲ್ವಾ? ನಿಮಗೆ ಮಾತ್ರ ಗೊತ್ತಿರುವುದನ್ನು ಬರೆಯಬೇಕು. ಬಾಣಂತನದಲ್ಲಿ ಓದಿದ್ದು. ಮಗಳು ಮೊದಲು ತಾನಾಗಿಯೇ ಓದಿ ಮುಗಿಸಿದ್ದು. ಜಗಳ ಆಡಿಕೊಂಡೇ ಓದಿದ್ದು. ಸಾಲು ಹೊಳೆಯದ ಪುಸ್ತಕಗಳನ್ನು ಬೇರೆ ಇಡಿ. ಸನ್ಮಾನದಲ್ಲಿ ಬಂದವು, ಅಂದಕ್ಕೆ ಕೊಂಡ ಸೆಟ್ಟುಗಳು ಹೆಚ್ಚಾಗಿ ಈ ರಾಶಿಗೇ ಬೀಳುತ್ತವೆ.

ಸಣ್ಣಪುಟ್ಟ ಪುಸ್ತಕಗಳನ್ನು ಮಾತ್ರ ಕಡೆಗಣಿಸಬೇಡಿ. ನಮ್ಮಲ್ಲಿ ಅಡಿಕೆಯ ಕೊಳೆರೋಗದ ಮೇಲೆ ಒಂದು ತೆಳುವಾದ ಕಿರುಪುಸ್ತಕ ಇದೆ. ಅಂಚು ಹರಿದಿದೆ. ಹಿಂದಿನ ರಟ್ಟಿನ ಮೇಲೆ ನಮ್ಮ ಮಾವನವರ ಕೈಬರಹ: ‘ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್.’ ಅದರ ಮೇಲೆ ನೀಲಿ ಹನಿಗಳ ಕಲೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸುತ್ತಾ ತೋಟದಲ್ಲೇ ತೆರೆದು ನೋಡಿದ್ದರು ಅಂತ ಆ ಕಲೆಯೇ ಹೇಳುತ್ತದೆ. ನಮ್ಮ ಮನೆ ಎಂಥದ್ದು ಅಂತ ತಿಳಿಯಬೇಕಾದವರಿಗೆ ನಾನು ಮೊದಲು ತೋರಿಸುವುದು ಅದನ್ನೇ. ಎಣ್ಣೆ ಜಿಡ್ಡಿನ ಅಡುಗೆ ಪುಸ್ತಕ, ಹಳೆಯ ‘ಕಸ್ತೂರಿ’ ಸಂಚಿಕೆ, ಶಾಲೆಯ ಪದ್ಯದ ಪುಸ್ತಕ, ಎಲ್ಲಕ್ಕೂ ಜಾಗ ಇರಲಿ.

ಬೇರೆ ಇಟ್ಟ ರಾಶಿಯನ್ನು ಗುಜರಿಗೆ ಹಾಕುವ ಮೊದಲು ಮುದ್ರಣದ ವಿವರ ಇರುವ ಪುಟ ನೋಡಿ. ಎಷ್ಟೋ ಕನ್ನಡ ಪುಸ್ತಕಗಳಲ್ಲಿ ಅಲ್ಲಿ ‘ಪ್ರತಿಗಳು: 1000’ ಅಂತ ಇರುತ್ತದೆ. ಎಷ್ಟೋ ಪುಸ್ತಕ ಆ ಸಾವಿರಕ್ಕೇ ನಿಂತುಹೋಗಿವೆ, ಮತ್ತೆ ಅಚ್ಚಾಗಿಲ್ಲ. ಅಂಥದ್ದು ನಿಮಗೆ ಬೇಡವಾದರೆ ಊರಿನ ಗ್ರಂಥಾಲಯಕ್ಕೋ ಕಾಲೇಜಿಗೋ ಬೇಕಾ ಅಂತ ಕೇಳಿ ಕೊಡಿ.

ಇನ್ನು ಜೋಡಿಸುವುದು. ಗ್ರಂಥಾಲಯದ ಹಾಗೆ ನಂಬರು ಹಾಕೋಣ ಅಂತ ನಾನೂ ಹೊರಟಿದ್ದೆ. ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814. ಕಥೆ, ಕವಿತೆ, ಕಾದಂಬರಿ, ನಾಟಕ ಎಲ್ಲವೂ ಆ ನಂಬರಿನ ಅಡಿಯಲ್ಲೇ. ನಮ್ಮ ಮನೆಯ ಮುಕ್ಕಾಲು ಪುಸ್ತಕ ಅಲ್ಲೇ ಗುಂಪುಗೂಡಿತು. ಲೋಕದ ಲೆಕ್ಕದಲ್ಲಿ ಅದು ಒಂದು ಮೂಲೆ, ನನಗೆ ಅದೇ ಇಡೀ ಮನೆ. ಹಾಗಾಗಿ ಬದುಕಿನ ಲೆಕ್ಕದಲ್ಲಿ ಹಲಗೆ ಮಾಡಿದೆ: ಧಾರವಾಡ, ಸಾಗರ, ತೋಟ, ಅಡುಗೆ, ಮಕ್ಕಳು. ಹೆಗ್ಗೋಡಿನಲ್ಲಿ ನಾಟಕ ನೋಡಲು ಹೋದಾಗ ಕೊಂಡದ್ದೆಲ್ಲ ಒಟ್ಟಿಗೇ ಇದೆ, ಅದರಲ್ಲಿ ಕವಿತೆಯ ಪಕ್ಕ ಚರಿತ್ರೆ ಬಂದರೂ ಪರವಾಗಿಲ್ಲ. ಓದದೇ ಇರುವವಕ್ಕೆ ಬೇರೆ ಹಲಗೆ. ಅದು ತುಂಬಿದರೆ ಒಂದು ಓದುವ ತನಕ ಹೊಸದು ತರುವುದಿಲ್ಲ.

ಪ್ರತಿ ಹಲಗೆಯಲ್ಲೂ ಒಂದು ಗೇಣು ಖಾಲಿ ಬಿಡಿ. ಗ್ರಂಥಾಲಯ ಅನ್ನುವುದು ಬೆಳೆಯುತ್ತಲೇ ಇರುವ ಜೀವಿ ಅಂತ ಗ್ರಂಥಾಲಯ ಶಾಸ್ತ್ರದ ಎಸ್.ಆರ್. ರಂಗನಾಥನ್ 1931ರಲ್ಲೇ ಹೇಳಿದ್ದರು. ಒತ್ತಿ ತುಂಬಿದರೆ ಗಾಳಿಯೂ ಆಡುವುದಿಲ್ಲ, ಎಳೆಯುವಾಗ ಪುಸ್ತಕದ ಬೆನ್ನೂ ಹರಿಯುತ್ತದೆ.

ಕಪಾಟು ಮಾಡಿಸುವುದಾದರೆ ಬಡಗಿಗೆ ಅಳತೆ ನೀವೇ ಕೊಡಿ. ಸುಮ್ನೆ ಬಿಟ್ಟರೆ ಬಟ್ಟೆ ಬೀರುವಿನ ಆಳ ಇಟ್ಟುಬಿಡುತ್ತಾರೆ. ಆಮೇಲೆ ಎರಡು ಸಾಲು ಜೋಡಿಸಿ ಹಿಂದಿನದನ್ನು ಮರೆಯುತ್ತೀರಿ. ನಮ್ಮ ಹೆಚ್ಚಿನ ಪುಸ್ತಕ ಡೆಮಿ ಅಳತೆಯವು, ಎತ್ತರ ಎಂಟೂವರೆ ಇಂಚು. ಆಳ ಒಂಬತ್ತು ಇಂಚು, ಹಲಗೆಯಿಂದ ಹಲಗೆಗೆ ಹತ್ತು ಇಂಚು ಸಾಕು. ಮುಕ್ಕಾಲು ಇಂಚಿನ ಪ್ಲೈವುಡ್ ಹಾಕಿಸಿ. ಎರಡೂವರೆ ಅಡಿಗೊಂದು ಆಧಾರ ಇರಲಿ, ಇಲ್ಲದಿದ್ದರೆ ನಡುವೆ ಬಾಗುತ್ತದೆ. ನೆಲದಿಂದ ಅರ್ಧ ಅಡಿ ಮೇಲೆ, ಗೋಡೆಯಿಂದ ಎರಡು ಇಂಚು ದೂರ. ಮಳೆ ಬಡಿಯುವ ಪಡುವಣ ಗೋಡೆ ಮಾತ್ರ ಬೇಡವೇ ಬೇಡ.

ಮಲೆನಾಡಿನಲ್ಲೋ ಕರಾವಳಿಯಲ್ಲೋ ಇದ್ದರೆ ಮಳೆಗಾಲದ ಪಾಠ ಬೇರೆಯೇ. ಪ್ಲಾಸ್ಟಿಕ್ ಹೊದಿಕೆ ಬೇಡ, ಕಾಗದದ ಬೈಂಡ್ ಸಾಕು. ಮಳೆ ಹೊಳವಾದ ದಿನ ಕಪಾಟಿನ ಬಾಗಿಲು ತೆರೆದು ಫ್ಯಾನ್ ಹಾಕಿ. ಬೂಷ್ಟು ಕಂಡರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ. ನೆರಳಿನಲ್ಲಿ ಪೂರ್ತಿ ಒಣಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹೊರಗೆ ಜಗಲಿಯಲ್ಲಿ ಮೆತ್ತನೆ ಬ್ರಷ್‌ನಿಂದ ಒರೆಸಿ. ಹರಿದ ಹಾಳೆಗೆ ಸೆಲ್ಲೋ ಟೇಪ್ ಹಚ್ಚಬೇಡಿ. ಕೆಲವೇ ವರ್ಷದಲ್ಲಿ ಹಳದಿಯಾಗಿ ಅಕ್ಷರವನ್ನೂ ಕೆಡಿಸುತ್ತದೆ. ಬೆಂಗಳೂರಿನ ಅವೆನ್ಯೂ ರಸ್ತೆಯಿಂದಲೋ ಬೇರೆ ಕಡೆಯಿಂದಲೋ ಹಳೆಯ ಪುಸ್ತಕ ತಂದರೆ ನೇರ ಕಪಾಟಿಗೆ ಇಡಬೇಡಿ. ಹುಳು ಇದೆಯಾ ಅಂತ ಬೆನ್ನು ಬಿಡಿಸಿ ನೋಡಿ, ಎರಡು ವಾರ ಬೇರೆ ಇಡಿ.

ಪುಸ್ತಕ ಕೇಳಿದವರಿಗೆ ನಾನು ಇಲ್ಲ ಅನ್ನುವುದಿಲ್ಲ. ಒಂದು ನೋಟುಬುಕ್ಕಿನಲ್ಲಿ ಹೆಸರು, ತಾರೀಕು ಬರೆದುಕೊಂಡು ಕೊಡುತ್ತೇನೆ. ಹೋದ ತಿಂಗಳು ಪಕ್ಕದ ಮನೆಯ ಹುಡುಗಿ ಅಪ್ಪನ ಒಂದು ಪುಸ್ತಕ ಒಯ್ದಿದ್ದಳು. ವಾಪಸ್ ತಂದಾಗ, ‘ಅತ್ತೆ, ನಾನೂ ಬರೆಯಬಹುದಾ?’ ಅಂತ ಕೇಳಿದಳು. ಪೆನ್ಸಿಲ್ ಕೊಟ್ಟೆ. ಅಪ್ಪನ ಸಾಲಿನ ಕೆಳಗೆ ನನ್ನದಿತ್ತು. ಅದರ ಕೆಳಗೆ ಅವಳು ಬರೆದಳು: ‘ಕರೆಂಟ್ ಇಲ್ಲದ ಮೂರು ರಾತ್ರಿಯಲ್ಲಿ ಓದಿ ಮುಗಿಸಿದೆ.’