ಹಳೆ ಸ್ಮೋಕರ್: ತುಕ್ಕು ಇದ್ದರೆ ಇರಲಿ, ತೆಳು ತಗಡು ಬೇಡ

ಟೆಕ್ಸಸ್‌ನ ಹಳಬರ ಬಾಯಲ್ಲಿ, ಸೌದೆಯ ಹೊಗೆಯಲ್ಲಿ ನಿಧಾನವಾಗಿ ಮಾಂಸ ಬೇಯಿಸುವ ಈ ಉಪಕರಣ ಸ್ಮೋಕರ್ ಅಲ್ಲ, ‘ಪಿಟ್’. ಹಾಗಾಗಿ ಹಳೆ ಸಾಮಾನು ಮಾರುವ ಕ್ರೇಗ್ಸ್‌ಲಿಸ್ಟ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ ‘ಸ್ಮೋಕರ್’ ಅಂತಷ್ಟೇ ಹುಡುಕಿದರೆ ಒಳ್ಳೆಯ ಮಾಲು ಕಣ್ಣಿಗೇ ಬೀಳುವುದಿಲ್ಲ. ‘ಬಾರ್ಬೆಕ್ಯೂ ಪಿಟ್’, ‘ಬ್ಯಾರೆಲ್ ಪಿಟ್’, ‘ಆಫ್‌ಸೆಟ್’ ಎಲ್ಲ ಹಾಕಿ ನೋಡುತ್ತೇನೆ. ನ್ಯೂ ಬ್ರೌನ್‌ಫೆಲ್ಸ್ ಅನ್ನೋ ಹಳೆ ಪಿಟ್ ಕಂಪನಿಯ ಹೆಸರನ್ನು ತಪ್ಪು ಕಾಗುಣಿತದಲ್ಲೂ ಹುಡುಕುತ್ತೇನೆ. ತನ್ನ ಹತ್ತಿರ ಇರುವುದು ಏನೆಂದು ಗೊತ್ತಿಲ್ಲದವನೇ ಕಮ್ಮಿ ಬೆಲೆಗೆ ಕೊಡುವುದು.

ಇಲ್ಲಿ ಹೇಳುತ್ತಿರುವುದು ಆಫ್‌ಸೆಟ್ ಬಗ್ಗೆ. ಮಲಗಿಸಿದ ಉಕ್ಕಿನ ಪೀಪಾಯಿ, ಅದರ ಒಂದು ಪಕ್ಕಕ್ಕೆ ಸೌದೆ ಉರಿಯುವ ಫೈರ್‌ಬಾಕ್ಸ್, ಇನ್ನೊಂದು ತುದಿಗೆ ಚಿಮಣಿ. ಉರಿ ಮಾಂಸಕ್ಕೆ ತಾಗುವುದಿಲ್ಲ. ಬಿಸಿಗಾಳಿ, ಹೊಗೆ ಅಡ್ಡಹಾಯ್ದು ಹೋಗುತ್ತವೆ. ತೈಲಬಾವಿಗಳಲ್ಲಿ ಕೆಲಸ ಮಾಡುತ್ತಿದ್ದ ವೆಲ್ಡರ್‌ಗಳು ಮಿಕ್ಕ ಪೈಪಿನಿಂದ ಇಂಥವನ್ನು ಎಷ್ಟೋ ಮಾಡಿಕೊಂಡಿದ್ದಾರೆ. ಅವಕ್ಕೆ ಹೆಸರೂ ಇಲ್ಲ, ಬಿಲ್ಲೂ ಇಲ್ಲ, ಆದರೆ ಕೆಲವೊಮ್ಮೆ ಅವೇ ಎಲ್ಲಕ್ಕಿಂತ ಗಟ್ಟಿ. ಕಂಪನಿ ಮಾಲಲ್ಲಿ ನಾನು ಹುಡುಕುವುದು ಎರಡು. ಒಂದು, 1987ರಲ್ಲಿ ಶುರುವಾದ ಓಕ್ಲಹೋಮ ಜೋಸ್. ಓಕ್ಲಹೋಮದ ಪೆರ್ರಿಯಲ್ಲಿ ತಯಾರಾದ, ಕಾಲು ಇಂಚು ದಪ್ಪ ಉಕ್ಕಿನ ಪಿಟ್‌ಗಳು. 1998ರಲ್ಲಿ ಆ ಕಂಪನಿ ಕೈ ಬದಲಾಯಿಸಿತು. ಹೆಸರು ಈಗಲೂ ಅಂಗಡಿಯಲ್ಲಿದೆ, ಅಲ್ಲಿ ಸಿಗುವ ಮಾಮೂಲಿ ಮಾದರಿಗಳಿಗೆ ಆ ದಪ್ಪ ಇಲ್ಲ. ಇನ್ನೊಂದು, ಟೆಕ್ಸಸ್‌ನ ನ್ಯೂ ಬ್ರೌನ್‌ಫೆಲ್ಸ್ ಊರಿನ ಅದೇ ಹೆಸರಿನ ಕಂಪನಿಯ ಹಳೆಯ ಹೋಂಡೊ ಮಾದರಿ. ಹಾಗಂತ ಬರೀ ಹೆಸರು ನೋಡಿ ದುಡ್ಡು ಕೊಡಬೇಡಿ, ದಪ್ಪ ಅಳೆಯಿರಿ.

ಅಳೆಯುವುದು ಹೇಗೆ? ಮುಚ್ಚಳದ ಅಂಚಿಗೆ ಪಟ್ಟಿ ಬೆಸೆದಿರುತ್ತಾರೆ, ದಪ್ಪ ಅಳೆಯುವ ಕ್ಯಾಲಿಪರ್ ಅಲ್ಲಿ ಸುಳ್ಳು ಹೇಳುತ್ತದೆ. ಮುಚ್ಚಳದ ಥರ್ಮಾಮೀಟರ್ ಬಿಚ್ಚಿ, ಆ ತೂತಿನ ಅಂಚು ನೋಡಿ. ಕಾಲು ಇಂಚು ಅಂದರೆ 6.35 ಮಿಲಿಮೀಟರ್. ಬಿಚ್ಚಲು ಬಿಡದಿದ್ದರೆ ತೂಕ ಇದೆ. ಕಾಲಿಂಚು ಪ್ಲೇಟು ಚದರ ಅಡಿಗೆ ಸುಮಾರು 10 ಪೌಂಡ್ ತೂಗುತ್ತದೆ. 20 ಇಂಚು ವ್ಯಾಸ, 40 ಇಂಚು ಉದ್ದದ ಪೀಪಾಯಿಗೇ 220 ಪೌಂಡ್ ಆಯಿತು, ಫೈರ್‌ಬಾಕ್ಸ್ ಸೇರಿದರೆ 350 ದಾಟಬೇಕು. ಮಾರುವವರು ‘ಇಬ್ಬರು ಹಿಡಿದರೆ ಪಿಕಪ್‌ಗೆ ಏರಿಸಬಹುದು’ ಅಂದರೆ ಅಲ್ಲಿಗೇ ಫೋನ್ ಇಡುತ್ತೇನೆ. ತೆಳು ತಗಡು ಶಾಖ ಹಿಡಿದಿಟ್ಟುಕೊಳ್ಳುವುದಿಲ್ಲ. ಗಾಳಿ ಬೀಸಿದರೂ, ಮುಚ್ಚಳ ತೆರೆದರೂ ಕಾವು ಇಳಿದುಬಿಡುತ್ತದೆ. ಇದಕ್ಕೆ ಮದ್ದಿಲ್ಲ, ಮಿಕ್ಕಿದ್ದಕ್ಕೆಲ್ಲ ಇದೆ.

ಹೋಗುವ ಮುಂಚೆ ನಾಲ್ಕು ಫೋಟೊ ಕೇಳುತ್ತೇನೆ: ಬೂದಿ ತೆಗೆದ ಫೈರ್‌ಬಾಕ್ಸಿನ ತಳ, ಫೈರ್‌ಬಾಕ್ಸ್ ಮತ್ತು ಪೀಪಾಯಿ ಕೂಡುವ ಜಾಗ, ಮುಚ್ಚಿದ ಮುಚ್ಚಳವನ್ನು ಪಕ್ಕದಿಂದ, ಚಿಮಣಿಯ ಬುಡ. ತುಕ್ಕು ಮೊದಲು ತಿನ್ನುವುದು ಫೈರ್‌ಬಾಕ್ಸಿನ ತಳವನ್ನು. ಬೂದಿ ತೇವ ಹೀರಿ ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ. ಜೇಬಲ್ಲಿ ಸಣ್ಣ ಸುತ್ತಿಗೆ, ಸ್ಕ್ರೂಡ್ರೈವರ್, ಟಾರ್ಚ್ ಇರಲಿ. ತಳಕ್ಕೆ ಬಡಿಯುತ್ತಾ ಹೋಗಿ. ‘ಠಣ್’ ಅಂದರೆ ಕಬ್ಬಿಣ ಇದೆ. ‘ದಬ್’ ಅಂದ ಕಡೆ ಸ್ಕ್ರೂಡ್ರೈವರ್ ಒತ್ತಿ. ಹಪ್ಪಳದ ಹಾಗೆ ಪದರ ಎದ್ದು ಬಂದು ಕೆಳಗೆ ಗಟ್ಟಿ ಸಿಕ್ಕಿದರೆ ಚಿಂತೆಯಿಲ್ಲ. ಸ್ಕ್ರೂಡ್ರೈವರ್ ತೂರಿತೋ, ವೆಲ್ಡರ್ ಹತ್ತಿರ ಕಾಲಿಂಚು ಪ್ಲೇಟಿನ ತೇಪೆ ಹಾಕಿಸಬೇಕು. ಆ ಖರ್ಚನ್ನು ಚೌಕಾಸಿಯಲ್ಲಿ ಕಳೆಯಿರಿ. ಮೇಲ್ಮೈಯ ಕೆಂಪು ತುಕ್ಕು, ಸಿಪ್ಪೆ ಎದ್ದ ಬಣ್ಣ ಇವೆಲ್ಲ ಬೆಲೆ ಇಳಿಸುವ ಮಾತಿಗೆ ಅನುಕೂಲ, ಅಷ್ಟೇ.

ಮುಚ್ಚಳ ಸೊಟ್ಟಗಿದೆಯಾ ಅಂತ ಕಬ್ಬಿಣದ ಸ್ಕೇಲ್ ಇಟ್ಟು ನೋಡಿ. ಎಂಟನೇ ಒಂದು ಇಂಚಿನ ಸಂದು ಬಿಸಿ ತಡೆಯುವ ಗ್ಯಾಸ್ಕೆಟ್ ಪಟ್ಟಿಯಿಂದ ಮುಚ್ಚುತ್ತದೆ. ಕಾಲಿಂಚು ದಾಟಿದರೆ ಯಾರೋ ಒಳಗೆ ಜಿಡ್ಡಿನ ಬೆಂಕಿ ಎಬ್ಬಿಸಿದ್ದಾರೆ ಅಂತ ನನ್ನ ಲೆಕ್ಕ.

ಕೊನೆಯ ಪರೀಕ್ಷೆಗೆ ಒಂದು ಹಳೆ ಪೇಪರ್ ಸಾಕು. ಚಿಮಣಿ ಪೂರ್ತಿ ತೆರೆದು, ಫೈರ್‌ಬಾಕ್ಸಿನಲ್ಲಿ ಪೇಪರ್ ಉಂಡೆ ಹಚ್ಚಿ. ಹೊಗೆ ಒಂದೆರಡು ನಿಮಿಷದೊಳಗೆ ಚಿಮಣಿಯಿಂದ ಹೊರಟರೆ ಎಳೆತ ಸರಿಯಿದೆ. ಬಾಗಿಲಿಂದಲೇ ವಾಪಸ್ ಮುಖಕ್ಕೆ ಬಂದರೆ ಚಿಮಣಿಯಲ್ಲಿ ಹಕ್ಕಿ ಗೂಡೋ, ಕಣಜದ ಮಣ್ಣುಗೂಡೋ ಇರಬಹುದು. ಅದಿಲ್ಲ ಅಂದರೆ ಕಟ್ಟಿದವನೇ ಬೆಂಕಿಗೂ ಪೀಪಾಯಿಗೂ ನಡುವಿನ ಕಿಂಡಿ ಸಣ್ಣ ಮಾಡಿದ್ದಾನೆ. ಗೂಡು ಕೋಲಿಗೆ ಬೀಳುತ್ತದೆ, ಕಿಂಡಿ ಅಗಲ ಮಾಡಲು ಉಕ್ಕು ಕತ್ತರಿಸಬೇಕು.

ಮುಟ್ಟಲೇಬಾರದ್ದೂ ಇವೆ. ಸತು ಲೇಪಿಸಿದ, ಅಂದರೆ ಗ್ಯಾಲ್ವನೈಸ್ ಮಾಡಿದ ತಗಡಿನ ಫೈರ್‌ಬಾಕ್ಸ್ ಬೇಡ. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಅದರ ಹೊಗೆ ವಿಷ. ಹಳೆ ಫ್ರಿಜ್ಜಿನ ತಟ್ಟೆಯನ್ನು ಮಾಂಸ ಇಡುವ ಜಾಲರಿ ಮಾಡಿಕೊಂಡಿದ್ದರೆ ಎಸೆಯಿರಿ, ಕೆಲವಕ್ಕೆ ಕ್ಯಾಡ್ಮಿಯಂ ಲೇಪ ಇರುತ್ತಿತ್ತು. ಏನು ತುಂಬಿದ್ದರೆಂದು ಗೊತ್ತಿಲ್ಲದ ಡ್ರಮ್ಮಿನಿಂದ ಮಾಡಿದ್ದೂ ಬೇಡ. ಟ್ರೇಲರ್ ಮೇಲೆ ಕೂರಿಸಿದ ಪಿಟ್ ಆದರೆ ಟೈರಿನ ಪಕ್ಕದಲ್ಲಿ ಡಿಓಟಿ (ಅಮೆರಿಕದ ಸಾರಿಗೆ ಇಲಾಖೆ) ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ: 2314 ಅಂದರೆ 2014ರ 23ನೇ ವಾರ. ಅಷ್ಟು ಹಳೆ ಟೈರಿನಲ್ಲಿ ಹೈವೇಗೆ ಇಳಿಯಬೇಡಿ.

ತಂದ ಮೇಲೆ ಕೆರೆಯುವ ಕೆಲಸ. ಒಳಗಿನ ದಪ್ಪ ಜಿಡ್ಡು, ಮಸಿ ಎಲ್ಲ ಪುಟ್ಟಿ ಹಾಕುವ ಪಟ್ಟಿಯಿಂದ ಕೆರೆದು ತೆಗೆದ ನಂತರವೇ ಬೆಂಕಿ. ಇದೊಂದು ಕ್ರಮ ತಪ್ಪಬೇಡಿ, ಕೆರೆಯದೆ ಹಚ್ಚಿದರೆ ಜಿಡ್ಡೇ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡರೆ ಮುಚ್ಚಳ ತೆಗೆಯಬೇಡಿ, ನೀರು ಹಾಕಬೇಡಿ; ಗಾಳಿಕಿಂಡಿ, ಚಿಮಣಿ ಎರಡೂ ಮುಚ್ಚಿ. ಕೆರೆದಾದ ಮೇಲೆ 400 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ (ಇನ್ನು ಮುಂದೆ ಎಲ್ಲ ಫ್ಯಾರನ್‌ಹೀಟ್ ಲೆಕ್ಕವೇ) ಒಂದು ಗಂಟೆ ಬರೀ ಸೌದೆ ಉರಿಸಿ ಒರೆಸಿದರೆ ಸಾಕು. ಜಾಲರಿಗೆ ತಂತಿ ಬ್ರಷ್ ನಾನು ಹಾಕುವುದಿಲ್ಲ, ಮುರಿದ ಎಳೆ ಮಾಂಸಕ್ಕೆ ಅಂಟುತ್ತದೆ. ಬಿಳಿ ವಿನೆಗರ್‌ನಲ್ಲಿ 24 ಗಂಟೆ ನೆನೆಸಿ, ತಿಕ್ಕಿ, ಅಡುಗೆ ಸೋಡಾ ನೀರಲ್ಲಿ ತೊಳೆದು, ತಕ್ಷಣ ಒಣಗಿಸಿ ಎಣ್ಣೆ ಸವರುತ್ತೇನೆ. ಒಂದು ಗಂಟೆ ತಡವಾದರೂ ಹೊಸ ತುಕ್ಕು ಕಾಣುತ್ತದೆ.

ಒಳಭಾಗ ಪಳಗಿಸುವುದು ದೋಸೆ ಕಾವಲಿ ಪಳಗಿಸಿದ ಹಾಗೇ. ಎಣ್ಣೆ ಸವರಿ, ಮತ್ತೆ ಬಟ್ಟೆಯಲ್ಲಿ ಒರೆಸಿ ತೆಗೆದು, 300 ಡಿಗ್ರಿಯಲ್ಲಿ ಎರಡು ಮೂರು ಗಂಟೆ. ಎಣ್ಣೆ ಜಾಸ್ತಿಯಾದರೆ ಅಂಟಂಟು ಆಗುತ್ತದೆ, ಮತ್ತೆ ಕೆರೆಯಬೇಕು. ಒಳಗೆ ಬಣ್ಣ ಬಳಿಯುವಂತಿಲ್ಲ. ಹೊರಗೆ 1200 ಡಿಗ್ರಿ ತಡೆಯುವ ಸ್ಪ್ರೇ ಬಣ್ಣ, ಎರಡು ತೆಳು ಕೋಟು. ಫೈರ್‌ಬಾಕ್ಸಿನ ಮೇಲೆ ಅದೂ ನಿಲ್ಲುವುದಿಲ್ಲ, ಅಲ್ಲಿಗೆ ಬೆಚ್ಚಗಿರುವಾಗಲೇ ಎಣ್ಣೆ ಒರೆಸುವುದು ವಾಸಿ.

ಮುಚ್ಚಳದ ಹಳೆ ಥರ್ಮಾಮೀಟರನ್ನು ಕುದಿಯುವ ನೀರಿಗೆ ಇಡಿ, 212ರ ಆಸುಪಾಸು ತೋರಿಸದಿದ್ದರೆ ಬದಲಾಯಿಸಿ. ಸರಿಯಿದ್ದರೂ ಅದು ಹೇಳುವುದು ಮುಚ್ಚಳದ ಕಾವು. ಮಾಂಸ ಇರುವ ಜಾಲರಿಯ ಹತ್ತಿರ 25, 50 ಡಿಗ್ರಿ ವ್ಯತ್ಯಾಸ ಇರುತ್ತದೆ. ಡಬ್ಬಿಯಲ್ಲಿ ಸಿಗುವ ಅಮೆರಿಕದ ಬಿಸ್ಕಿಟ್ (ಮೆತ್ತನೆ ಬನ್ನಿನಂಥದ್ದು) ಹಸಿ ಹಿಟ್ಟನ್ನು ಜಾಲರಿಯ ಉದ್ದಕ್ಕೂ ಸಾಲಾಗಿ ಇಟ್ಟು 350ರಲ್ಲಿ ಬೇಯಿಸಿದರೆ ಎಲ್ಲಿ ಸೀಯುತ್ತದೆ, ಎಲ್ಲಿ ಹಸಿ ಅಂತ ಕಣ್ಣಿಗೇ ಕಾಣುತ್ತದೆ. ಫೈರ್‌ಬಾಕ್ಸ್ ಕಡೆಯದು ಕಪ್ಪಾಗುವುದು ಸಹಜ. ತೀರಾ ಕಪ್ಪಾದರೆ ಜಾಲರಿಯ ಕೆಳಗೆ ಉಕ್ಕಿನ ಪಟ್ಟಿಗಳನ್ನು ಹಾಸಿ: ಬೆಂಕಿಯ ಹತ್ತಿರ ಸಂದಿಲ್ಲದೆ, ದೂರ ಹೋದಂತೆ ಸಂದು ಅಗಲವಾಗುವಂತೆ.

ಸೌದೆ ಪೋಸ್ಟ್ ಓಕ್ ಎಂಬ ಓಕ್ ಮರದ್ದು, ಮಣಿಕಟ್ಟಿನ ದಪ್ಪ, 12ರಿಂದ 16 ಇಂಚು, ಚೆನ್ನಾಗಿ ಒಣಗಿದ್ದು. ಅರ್ಧ, ಮುಕ್ಕಾಲು ಗಂಟೆಗೊಂದು ಸೀಳು. ಚಿಮಣಿ ಮುಚ್ಚಿ ಕಾವು ಇಳಿಸುವವರಿದ್ದಾರೆ, ಅದರಿಂದ ಮಾಂಸಕ್ಕೆ ಕಹಿ ಮಸಿ ಕೂರುತ್ತದೆ. ಚಿಮಣಿ ತೆರೆದೇ ಇರಲಿ, ಬೆಂಕಿ ಸಣ್ಣದು ಮಾಡಿ. ಹೊಗೆ ತೆಳುವಾಗಿ ನೀಲಿ ಇದ್ದರೆ ಸರಿ. ದಟ್ಟ ಬಿಳಿ ಬಂದರೆ ಸೌದೆ ಹಸಿ ಅಥವಾ ಗಾಳಿ ಸಾಲದು, ಒಲೆ ಮುಂದೆ ಊದುಕೊಳವೆ ಹಿಡಿದು ಕೂತವರಿಗೆ ಹೇಳಬೇಕಿಲ್ಲ.

ಮಾರನೇ ದಿನ ಬೂದಿ ತೆಗೆದು ಮುಚ್ಚಳವಿರುವ ಕಬ್ಬಿಣದ ಬಕೆಟ್ಟಿಗೆ ಹಾಕುತ್ತೇನೆ. ತಣ್ಣಗಾಗಿದೆ ಅನ್ನಿಸಿದರೂ ಒಳಗೆ ಕೆಂಡ ಇರುತ್ತದೆ. ಮಳೆ ನೀರು ಇಳಿಯದಂತೆ ಚಿಮಣಿಗೆ ಹಳೆ ಕಾಫಿ ಡಬ್ಬಿಯೊಂದನ್ನು ಬೋರಲು ಹಾಕುತ್ತೇನೆ. ಮುಂದಿನ ಸಲ ಅದನ್ನು ತೆಗೆಯಲು ಮರೆತರೆ ಬಾಗಿಲಿಂದ ಬರುವ ಹೊಗೆಯೇ ನೆನಪಿಸುತ್ತದೆ.